ಕರೆಂಟ್ ಮೊದಲೋ, ಇಮ್ಯುನೊಥೆರಪಿ ಮೊದಲೋ?

ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಷನ್ ವಿಭಾಗದ ಹೊರಗೆ ಬೆಂಚಿನ ಮೇಲೆ ಕೂತವರ ಮಾತಿನಲ್ಲಿ ‘ರೇಡಿಯೇಷನ್’ ಅನ್ನುವ ಪದ ಅಷ್ಟಾಗಿ ಬರುವುದಿಲ್ಲ. ‘ಅಪ್ಪಂಗೆ ಇವತ್ತು ಇಪ್ಪತ್ತೆರಡನೇ ಕರೆಂಟು, ಇನ್ನು ಹದಿಮೂರು ಬಾಕಿ’ ಅನ್ನುತ್ತಾರೆ. ಮೂವತ್ತೈದರ ಈ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠ. ವಾರಕ್ಕೆ ಐದು ದಿನ, ಒಟ್ಟು ಏಳು ವಾರ.

ಈಚೆಗೆ ಅದೇ ಬೆಂಚಿನ ಮೇಲೆ ಇನ್ನೊಂದು ಪದವೂ ಕೇಳಿಬರುತ್ತಿದೆ. ಇಮ್ಯುನೊಥೆರಪಿ, ಅಂದರೆ ನಮ್ಮ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ. ಯಾರೋ ನೆಂಟರು ವಾಟ್ಸಾಪಿನಲ್ಲಿ ಕಳಿಸಿರುತ್ತಾರೆ. ‘ಕರೆಂಟ್ ಜೊತೆಗೆ ಅದನ್ನೂ ಕೊಟ್ಟುಬಿಟ್ಟರೆ ಇನ್ನೂ ಒಳ್ಳೇದಲ್ವಾ ಸಾರ್?’ ಎಂದು ಮಗನೋ ಮಗಳೋ ಡಾಕ್ಟರನ್ನು ಕೇಳುತ್ತಾರೆ. ತುಂಬ ಸಹಜವಾದ ಪ್ರಶ್ನೆ. ಹತ್ತು ವರ್ಷದ ಹಿಂದೆ ಜಗತ್ತಿನ ದೊಡ್ಡ ದೊಡ್ಡ ತಜ್ಞರೂ ಹಾಗೇ ಅಂದುಕೊಂಡಿದ್ದರು. ಎರಡನ್ನೂ ಸೇರಿಸಿ ಸಾವಿರಾರು ರೋಗಿಗಳಿಗೆ ಕೊಟ್ಟು ನೋಡಿದರು. ಅಂದುಕೊಂಡಂತೆ ಆಗಲಿಲ್ಲ. ಆಮೇಲೆ ಕೊಡುವ ಸಮಯ ಬದಲಿಸಿದರು, ಆಪರೇಷನ್ ಆಗುವವರ ಕಡೆ ತಿರುಗಿದರು. ಆಗ ಫಲ ಸಿಕ್ಕಿತು. ಯಾವುದನ್ನು ಕೊಡಬೇಕು ಅನ್ನುವಷ್ಟೇ ಮುಖ್ಯ, ಯಾವಾಗ ಕೊಡಬೇಕು ಅನ್ನುವುದು. ಈ ಬರಹ ಪೂರ್ತಿ ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಆ ‘ಯಾವಾಗ’ದ ಬಗ್ಗೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ತಲೆ-ಕತ್ತಿನ ಕ್ಯಾನ್ಸರ್ ಅಂದರೆ ಮಿದುಳಿನ ಕ್ಯಾನ್ಸರ್ ಅಲ್ಲ. ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ, ಇವುಗಳ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್. ಅಮೆರಿಕ, ಯುರೋಪಿನಲ್ಲಿ ಗಂಟಲಿನ ಕ್ಯಾನ್ಸರ್ ಜಾಸ್ತಿ, ಅದರಲ್ಲಿ ದೊಡ್ಡ ಪಾಲು ಎಚ್‌ಪಿವಿ ವೈರಸ್‌ನಿಂದ ಬರುವಂಥದ್ದು. ನಮ್ಮಲ್ಲಿ ಹಾಗಲ್ಲ. ಇಲ್ಲಿ ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಅಂಚು. ಕಾರಣವೂ ಬಾಯಲ್ಲೇ ಇರುತ್ತದೆ: ಹೊಗೆಸೊಪ್ಪು, ಗುಟ್ಕಾ, ಅಡಿಕೆ. ಬರೀ ಅಡಿಕೆಯೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತೋಟ ನಂಬಿ ಬದುಕುವವರ ಮನೆಯಲ್ಲಿ ಈ ಮಾತು ಆಡುವುದು ಕಷ್ಟ, ಆದರೂ ಆಡಲೇಬೇಕು. ಈ ವ್ಯತ್ಯಾಸ, ಅಂದರೆ ಅಲ್ಲಿ ಗಂಟಲು, ಇಲ್ಲಿ ಬಾಯಿ ಅನ್ನುವುದು, ಮುಂದೆ ಮತ್ತೆ ಬರುತ್ತದೆ. ನೆನಪಿಟ್ಟುಕೊಳ್ಳಿ.

ಮಾಸ್ಕಿನ ಒಳಗೆ

ಕರೆಂಟ್ ಕೊಡುವುದು ಅಂದರೆ ಶಾಕ್ ಕೊಡುವುದು ಎಂದು ಹೆದರುವವರು ಇನ್ನೂ ಇದ್ದಾರೆ. ಅದು ಹಾಗಲ್ಲ. ಎಕ್ಸ್‌ರೇಯ ಥರದ್ದೇ ಕಿರಣ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ಶಕ್ತಿ ಜಾಸ್ತಿ. ಬೀಳುವಾಗ ನೋವಿಲ್ಲ, ಬಿಸಿಯಿಲ್ಲ.

ರೋಗಿಗಳಿಗೆ ನೆನಪಿರುವುದು ಕಿರಣ ಅಲ್ಲ, ಮಾಸ್ಕ್. ಮೊದಲ ದಿನ ತೂತು ತೂತಾದ ಒಂದು ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದುತ್ತಾರೆ. ಅದು ಒದ್ದೆ ಬಟ್ಟೆಯಂತೆ ಮೆತ್ತಗಾಗುತ್ತದೆ. ಹಾಗೇ ಎತ್ತಿ, ಮಲಗಿದವರ ಮುಖ, ಕತ್ತಿನ ಮೇಲೆ ಎಳೆದು ಕೂರಿಸುತ್ತಾರೆ. ಬೆಚ್ಚಗಿರುತ್ತದೆ. ಕೆಲವೇ ನಿಮಿಷದಲ್ಲಿ ಅದು ಮೂಗು, ಗಲ್ಲ, ಹಣೆಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಮುಂದಿನ ಏಳು ವಾರ ದಿನಾ ಅದನ್ನೇ ಹಾಕಿ, ಟೇಬಲ್ಲಿಗೆ ಕ್ಲಿಪ್ ಮಾಡಿ, ಅಲ್ಲಾಡದಂತೆ ಮಲಗಿಸುತ್ತಾರೆ. ಕಿರಣ ಮಿಲಿಮೀಟರ್ ಲೆಕ್ಕದಲ್ಲಿ ಬೀಳಬೇಕಲ್ಲ, ಅದಕ್ಕೆ. ನಾಲ್ಕನೇ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ, ಊಟ ಸೇರದೆ, ತೂಕ ಇಳಿದು ಮಾಸ್ಕ್ ಸಡಿಲವಾಗುವುದುಂಟು. ಜಾಸ್ತಿ ಸಡಿಲವಾದರೆ ಹೊಸದು ಮಾಡಬೇಕು. ಗಂಜಿಯೋ, ರಾಗಿ ಅಂಬಲಿಯೋ, ನುಂಗಲು ಆಗದಿದ್ದರೆ ಮೂಗಿನ ಟ್ಯೂಬಿನಲ್ಲಾದರೂ ಸರಿ, ಹೊಟ್ಟೆಗೆ ಹೋಗಲೇಬೇಕು ಎಂದು ಡಾಕ್ಟರ್ ಒತ್ತಿ ಒತ್ತಿ ಹೇಳುವುದು ಸುಮ್ನೆ ಅಲ್ಲ.

ಕಿರಣದ ಅಳತೆ ‘ಗ್ರೇ’. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, 35 ದಿನಕ್ಕೆ 70 ಗ್ರೇ. ಆಪರೇಷನ್ ಆದಮೇಲೆ ಕೊಡುವುದಾದರೆ 60ರಿಂದ 66. ಇದರ ಜೊತೆಗೆ ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ. ಕಿರಣ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ತುಂಡು ಮಾಡುತ್ತದೆ. ಸಿಸ್ಪ್ಲಾಟಿನ್ ಆ ತುಂಡುಗಳು ಮತ್ತೆ ಕೂಡಿಕೊಳ್ಳದಂತೆ ತಡೆಯುತ್ತದೆ. ಇಷ್ಟು ವರ್ಷ ಇದೇ ಮುಖ್ಯ ದಾರಿ, ಇವತ್ತಿಗೂ ಬಹಳ ಜನರಿಗೆ ಇದೇ.

ಬ್ರೇಕ್ ತೆಗೆಯುವ ಔಷಧಿ

ಇಮ್ಯುನೊಥೆರಪಿ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ರಕ್ತದಲ್ಲಿ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳಿವೆ. ವೈರಸ್ ಹೊಕ್ಕ ಕೋಶ, ಕೆಟ್ಟುಹೋದ ಕೋಶ ಕಂಡರೆ ಮುಗಿಸುವುದು ಅವುಗಳ ಕೆಲಸ. ಆದರೆ ಅವು ಮಿತಿಮೀರಿ ನಮ್ಮ ಮೈಯನ್ನೇ ತಿನ್ನಬಾರದಲ್ಲ? ಅದಕ್ಕೆ ಅವುಗಳ ಮೇಲೆ ಪಿಡಿ-1 ಅನ್ನುವ ಬ್ರೇಕ್ ಇದೆ. ಕ್ಯಾನ್ಸರ್ ಈ ಬ್ರೇಕನ್ನು ಕಂಡುಕೊಂಡಿದೆ. ತನ್ನ ಮೈಮೇಲೆ ಪಿಡಿ-ಎಲ್1 ಅನ್ನುವ ಪ್ರೊಟೀನು ಹೊತ್ತುಕೊಂಡು, ಹತ್ತಿರ ಬಂದ ಟಿ ಕೋಶದ ಬ್ರೇಕ್ ಒತ್ತಿಬಿಡುತ್ತದೆ. ಟಿ ಕೋಶ ಎದುರಿಗೇ ನಿಂತಿರುತ್ತದೆ, ಏನೂ ಮಾಡಲಾಗುವುದಿಲ್ಲ. ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಅನ್ನುವ ಔಷಧಿಗಳು ಆ ಬ್ರೇಕಿಗೆ ಅಡ್ಡ ಕೂರುತ್ತವೆ. ಡ್ರಿಪ್‌ನಲ್ಲಿ ಅರ್ಧ ಗಂಟೆಯ ಕೆಲಸ. ಈ ಥರದ ಬ್ರೇಕುಗಳನ್ನು ಕಂಡುಹಿಡಿದು ದಾರಿ ತೋರಿದ ಜಪಾನಿನ ತಸುಕು ಹೊಂಜೊ ಮತ್ತು ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ತಲೆ-ಕತ್ತಿನ ಕ್ಯಾನ್ಸರಿಗೆ ಇದು ಕೆಲಸ ಮಾಡುತ್ತದೆ ಎಂದು ಮೊದಲು ಗಟ್ಟಿಯಾಗಿ ತೋರಿಸಿದ್ದು 2016ರಲ್ಲಿ ಪ್ರಕಟವಾದ ಚೆಕ್‌ಮೇಟ್-141 ಪ್ರಯೋಗ. ಕೀಮೋ ಕೊಟ್ಟರೂ ಕಾಯಿಲೆ ಮರುಕಳಿಸಿದ 361 ರೋಗಿಗಳು. ಹಳೆಯ ಔಷಧಿ ಪಡೆದವರಲ್ಲಿ ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 17. ನಿವೊಲುಮಾಬ್ ಪಡೆದವರಲ್ಲಿ 36. ದುಪ್ಪಟ್ಟು! ಆದರೆ ಇನ್ನೊಂದು ಅಂಕಿಯನ್ನೂ ನೋಡಬೇಕು. ಗಡ್ಡೆ ಕಣ್ಣಿಗೆ ಕಾಣುವಷ್ಟು ಕುಗ್ಗಿದ್ದು ನೂರರಲ್ಲಿ 13 ಮಂದಿಗೆ ಮಾತ್ರ. ಉಳಿದವರಲ್ಲಿ ಹಲವರ ಗಡ್ಡೆಯಲ್ಲಿ ಬ್ರೇಕ್ ತೆಗೆದರೂ ಓಡುವುದಕ್ಕೆ ಗಾಡಿಯೇ ಇರಲಿಲ್ಲ. ಅಂದರೆ, ಕ್ಯಾನ್ಸರನ್ನು ಗುರುತಿಸಬಲ್ಲ ಟಿ ಕೋಶಗಳೇ ಅಲ್ಲಿಗೆ ಬಂದಿರಲಿಲ್ಲ.

ಹಾಗಾದರೆ ಅವನ್ನು ಅಲ್ಲಿಗೆ ಕರೆಸುವುದು ಹೇಗೆ? ಇಲ್ಲಿ ರೇಡಿಯೇಷನ್ ನೆನಪಾಯಿತು.

ಕಿರಣ ಬಿದ್ದ ಕ್ಯಾನ್ಸರ್ ಕೋಶ ಸುಮ್ಮನೆ ಸಾಯುವುದಿಲ್ಲ. ಒಡೆದ ಡಿಎನ್‌ಎ ಚೂರುಗಳು ಇರಬಾರದ ಕಡೆ ಸೇರುತ್ತವೆ. ಕೋಶ ಅದನ್ನು ವೈರಸ್ ದಾಳಿ ಎಂದೇ ಬಗೆದು ಅಪಾಯದ ಸಂಕೇತ ಕಳಿಸುತ್ತದೆ. ಆ ಕೂಗು ಕೇಳಿ ಡೆಂಡ್ರಿಟಿಕ್ ಕೋಶಗಳು ಬರುತ್ತವೆ. ಸತ್ತ ಕೋಶದ ತುಣುಕು ಎತ್ತಿಕೊಂಡು ಹತ್ತಿರದ ಲಿಂಫ್ ಗ್ರಂಥಿಗೆ ಹೋಗುತ್ತವೆ. ಲಿಂಫ್ ಗ್ರಂಥಿಯನ್ನು ಗರಡಿಮನೆ ಅಂದುಕೊಳ್ಳಿ. ಟಿ ಕೋಶಗಳಿಗೆ ಎದುರಾಳಿಯ ಗುರುತು ಸಿಗುವುದು, ಅವು ಪಳಗುವುದು, ಒಂದಿದ್ದದ್ದು ಸಾವಿರವಾಗುವುದು ಅಲ್ಲೇ. ಹಾಗೆ ತಯಾರಾದವು ವಾಪಸ್ ಗಡ್ಡೆಗೆ ಬರುತ್ತವೆ.

ಈ ಆಸೆಗೆ ಹಳೆಯ ಬೇರೂ ಇತ್ತು. ಒಂದು ಕಡೆ ರೇಡಿಯೇಷನ್ ಕೊಟ್ಟರೆ ಕಿರಣವೇ ಬೀಳದ ಬೇರೆ ಕಡೆಯ ಗಡ್ಡೆಯೂ ಕರಗುವುದನ್ನು ಅಪರೂಪಕ್ಕೆ ವೈದ್ಯರು ನೋಡಿದ್ದರು. ಆರ್. ಎಚ್. ಮೋಲ್ ಎಂಬುವರು 1953ರಲ್ಲೇ ಅದಕ್ಕೆ ‘ಅಬ್‌ಸ್ಕೋಪಲ್’ ಎಂದು ಹೆಸರಿಟ್ಟಿದ್ದರು. 2012ರಲ್ಲಿ ಇಮ್ಯುನೊಥೆರಪಿ ಪಡೆಯುತ್ತಿದ್ದ ಒಬ್ಬ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಯಲ್ಲಿ ಇದು ಕಾಣಿಸಿಕೊಂಡಾಗ ಎಲ್ಲರ ಕಿವಿ ನೆಟ್ಟಗಾಯಿತು. ಇನ್ನು 2017ರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಪೆಸಿಫಿಕ್ ಪ್ರಯೋಗದ ಫಲಿತಾಂಶ ಬಂತು. ಕೀಮೋ-ರೇಡಿಯೇಷನ್ ಮುಗಿದ ಮೇಲೆ ಡರ್ವಲುಮಾಬ್ ಅನ್ನುವ ಇಮ್ಯುನೊಥೆರಪಿ ಔಷಧಿ ಕೊಟ್ಟರೆ ಕಾಯಿಲೆ ತಲೆಯೆತ್ತದೆ ಇರುವ ಸರಾಸರಿ ಅವಧಿ 5.6 ತಿಂಗಳಿಂದ 16.8 ತಿಂಗಳಿಗೆ ಏರಿತು. ಶ್ವಾಸಕೋಶದಲ್ಲಿ ಆದದ್ದು ಗಂಟಲಲ್ಲಿ ಯಾಕೆ ಆಗಬಾರದು?

ಒಂದರ ಹಿಂದೆ ಒಂದು ಸೋಲು

ಜಾವೆಲಿನ್ ಅನ್ನುವ ಪ್ರಯೋಗದಲ್ಲಿ 697 ರೋಗಿಗಳು. ಆಪರೇಷನ್ ಇಲ್ಲದೆ, ಸಿಸ್ಪ್ಲಾಟಿನ್ ಮತ್ತು 70 ಗ್ರೇ ರೇಡಿಯೇಷನ್. ಅರ್ಧ ಜನರಿಗೆ ಅದರ ಜೊತೆಗೇ ಅವೆಲುಮಾಬ್ ಅನ್ನುವ ಇಮ್ಯುನೊಥೆರಪಿ ಔಷಧಿ, ಮುಗಿದ ಮೇಲೂ ಒಂದು ವರ್ಷ. 2020ರಲ್ಲಿ ನಡುವೆಯೇ ಲೆಕ್ಕ ಹಾಕಿ ನೋಡಿದಾಗ, ಮುಂದುವರಿಸಿದರೂ ಲಾಭ ಕಾಣುವ ಹಾಗಿಲ್ಲ ಎಂದು ನಿಲ್ಲಿಸಿದರು.

ಕೀನೋಟ್-412ರಲ್ಲಿ 804 ರೋಗಿಗಳು, ಔಷಧಿ ಪೆಂಬ್ರೊಲಿಜುಮಾಬ್, ವಿಧಾನ ಹೆಚ್ಚುಕಡಿಮೆ ಅದೇ. ಎರಡು ವರ್ಷದ ನಂತರ ಕಾಯಿಲೆ ಮರುಕಳಿಸದೆ ಬದುಕಿದ್ದವರು ನೂರಕ್ಕೆ 63. ಇಮ್ಯುನೊಥೆರಪಿ ಇಲ್ಲದವರಲ್ಲಿ 56. ಏಳು ಮಂದಿ ಜಾಸ್ತಿ ಅಲ್ವಾ, ಹಾಗಾದರೆ ಗೆದ್ದಂತೆ ಅಲ್ವಾ ಅನ್ನಿಸಬಹುದು. ಆದರೆ ಈ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬಂದದ್ದಲ್ಲ ಅನ್ನುವುದಕ್ಕೆ ಮೊದಲೇ ಒಂದು ಗೆರೆ ಎಳೆದಿರುತ್ತಾರೆ. ಫಲಿತಾಂಶ ಆ ಗೆರೆ ದಾಟಲಿಲ್ಲ. ನೋಡಿದ ಮೇಲೆ ಗೆರೆ ಸರಿಸಿದರೆ ಅದು ವಿಜ್ಞಾನ ಆಗುವುದಿಲ್ಲ.

ಸಿಸ್ಪ್ಲಾಟಿನ್ ತಡೆಯಲಾಗದ ರೋಗಿಗಳಿಗೆ ಡರ್ವಲುಮಾಬ್ ಜೊತೆ ರೇಡಿಯೇಷನ್ ಕೊಟ್ಟ ಅಮೆರಿಕದ ಪ್ರಯೋಗದಲ್ಲಂತೂ ಹಳೆಯ ಸೆಟುಕ್ಸಿಮಾಬ್ ಔಷಧಿಯೇ ಮೇಲಿತ್ತು. ಎಲ್ಲ ಚಿಕಿತ್ಸೆ ಮುಗಿದ ಮೇಲೆ ಅಟೆಜೊಲಿಜುಮಾಬ್ ಅನ್ನುವ ಇಂಥದೇ ಔಷಧಿ ಕೊಟ್ಟು ನೋಡಿದ ಇನ್ನೊಂದು ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಅಬ್‌ಸ್ಕೋಪಲ್ ಕನಸು? ಕಾಯಿಲೆ ದೇಹದಲ್ಲಿ ಹರಡಿದ 62 ರೋಗಿಗಳಲ್ಲಿ ಅದನ್ನೇ ಪರೀಕ್ಷಿಸಿದ ಪ್ರಯೋಗದ ವರದಿ 2021ರಲ್ಲಿ ಬಂತು. ಇಮ್ಯುನೊಥೆರಪಿಯ ಜೊತೆ ಒಂದು ಗಡ್ಡೆಗೆ ರೇಡಿಯೇಷನ್ ಸೇರಿಸಿದ್ದರಿಂದ ಉಳಿದ ಗಡ್ಡೆಗಳು ಹೆಚ್ಚೇನೂ ಕುಗ್ಗಲಿಲ್ಲ.

ಯಾಕೆ ಹೀಗಾಯಿತು? ಗರಡಿಮನೆಗೆ ವಾಪಸ್ ಹೋಗೋಣ. ಇಡೀ ದೇಹದ ಲಿಂಫ್ ಗ್ರಂಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇರುವುದು ತಲೆ ಮತ್ತು ಕತ್ತಿನಲ್ಲೇ. ಬಾಯಿ, ಗಂಟಲಿನ ಕ್ಯಾನ್ಸರ್ ಮೊದಲು ಹರಡುವುದೂ ಕತ್ತಿನ ಗ್ರಂಥಿಗಳಿಗೇ. ಅದಕ್ಕೆ ಕಣ್ಣಿಗೆ ಕಾಣದ ಕಣವೂ ಉಳಿಯದಿರಲಿ ಎಂದು ಕತ್ತಿನ ಎರಡೂ ಕಡೆ ಕಿರಣ ಕೊಡುತ್ತಾರೆ. ಆದರೆ ಟಿ ಕೋಶಗಳು ಕಿರಣಕ್ಕೆ ತುಂಬ ನಾಜೂಕು. ಗಡ್ಡೆಗೆ 70 ಗ್ರೇ ಬೇಕು, ಇವಕ್ಕೆ ಒಂದೆರಡು ಗ್ರೇ ಸಾಕು ಸಾಯಲು. ಕತ್ತಿನ ದೊಡ್ಡ ರಕ್ತನಾಳಗಳಲ್ಲಿ ಹರಿಯುವ ರಕ್ತದಲ್ಲೂ ಅವೇ ಇರುತ್ತವೆ. ಹೀಗೆ ದಿನಾ ಸ್ವಲ್ಪ ಸ್ವಲ್ಪ, 35 ದಿನ. ಅಂದರೆ ಒಂದು ಕೈಯಲ್ಲಿ ಟಿ ಕೋಶಗಳ ಬ್ರೇಕ್ ತೆಗೆಯುತ್ತಿದ್ದೆವು, ಇನ್ನೊಂದು ಕೈಯಲ್ಲಿ ಅವನ್ನೂ ಅವುಗಳ ಗರಡಿಯನ್ನೂ ಸುಡುತ್ತಿದ್ದೆವು.

ಇದು ಬರೀ ಊಹೆ ಅಲ್ಲ. ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರು ನಾಲಿಗೆ ಕ್ಯಾನ್ಸರ್ ಇರುವ ಇಲಿಗಳಲ್ಲಿ ಇದನ್ನು ನೋಡಿ 2022ರಲ್ಲಿ ಬರೆದರು. ಮೊದಲೇ ಕತ್ತಿನ ಗ್ರಂಥಿಗಳನ್ನು ತೆಗೆದರೆ ಅಥವಾ ಸುಟ್ಟರೆ ಇಮ್ಯುನೊಥೆರಪಿ ನಾಟುವುದೇ ಇಲ್ಲ. ಗ್ರಂಥಿಗಳು ಇರುವಾಗಲೇ ಇಮ್ಯುನೊಥೆರಪಿ ಕೊಟ್ಟು, ಆಮೇಲೆ ಅವನ್ನು ತೆಗೆದರೆ ಫಲ ಉಳಿಯುತ್ತದೆ. ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗಬೇಕೆಂದಿಲ್ಲ. ಆದರೆ ಮನುಷ್ಯರಲ್ಲೂ ಅದೇ ದಿಕ್ಕಿನ ಪುರಾವೆ ಬಂತು. ಮೆಲನೋಮದ ಒಂದು ಪ್ರಯೋಗದಲ್ಲಿ ಎಲ್ಲರಿಗೂ ಪೆಂಬ್ರೊಲಿಜುಮಾಬ್‌ನ 18 ಡೋಸ್. ಕೆಲವರಿಗೆ ಎಲ್ಲವೂ ಆಪರೇಷನ್ ನಂತರ, ಕೆಲವರಿಗೆ ಮೂರು ಮುಂಚೆ, ಹದಿನೈದು ಆಮೇಲೆ. ಎರಡು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 49, ಎರಡನೆಯದರಲ್ಲಿ 72. ಅಷ್ಟೇ ಡೋಸ್, ಅದೇ ಔಷಧಿ! ಈ ಎರಡು ಅಂಕಿಗಳನ್ನು ಮೊದಲ ಸಲ ಓದಿದಾಗ ಮತ್ತೆ ಮತ್ತೆ ಓದಿದ್ದೆ.

ಸರದಿ ಬದಲಾದಾಗ

2025ರಲ್ಲಿ ಕೀನೋಟ್-689ರ ಫಲಿತಾಂಶ ಬಂತು. ಆಪರೇಷನ್ ಮಾಡಬಹುದಾದ, ಆದರೆ ಮುಂದುವರಿದ ಹಂತದ ತಲೆ-ಕತ್ತಿನ ಕ್ಯಾನ್ಸರ್ ಇರುವ 714 ರೋಗಿಗಳು. ಒಂದು ಗುಂಪಿಗೆ ಎಂದಿನಂತೆ ಆಪರೇಷನ್, ಆಮೇಲೆ ರೇಡಿಯೇಷನ್, ಬೇಕಾದವರಿಗೆ ಸಿಸ್ಪ್ಲಾಟಿನ್. ಇನ್ನೊಂದು ಗುಂಪಿಗೆ ಆಪರೇಷನ್‌ಗೆ ಮುಂಚೆ ಪೆಂಬ್ರೊಲಿಜುಮಾಬ್ ಎರಡು ಡೋಸ್, ಆಮೇಲೆ ಆಪರೇಷನ್, ನಂತರ ರೇಡಿಯೇಷನ್ ಜೊತೆಗೂ ಅದರ ಬಳಿಕವೂ ಸೇರಿ ಇನ್ನು ಹದಿನೈದು ಡೋಸ್. ಮೂರು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಹಳೆಯ ದಾರಿಯಲ್ಲಿ ನೂರಕ್ಕೆ 46, ಹೊಸ ದಾರಿಯಲ್ಲಿ ಸುಮಾರು 58. ಮುಂಚೆಯೇ ಔಷಧಿ ಕೊಡುತ್ತಾ ಕೂತರೆ ಆಪರೇಷನ್ ಕೈತಪ್ಪೀತು ಅನ್ನುವ ಭಯ ಇತ್ತು. ಹಾಗಾಗಲಿಲ್ಲ. ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 88 ಮಂದಿಗೆ ಆಪರೇಷನ್ ಆಯಿತು. ಅದೇ ವರ್ಷ ಜೂನ್‌ನಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಗಡ್ಡೆಯಲ್ಲಿ ಪಿಡಿ-ಎಲ್1 ಇರುವ ರೋಗಿಗಳಿಗೆ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಅದೇ ವರ್ಷ ಫ್ರಾನ್ಸಿನವರು ಮುಂದೆ ನಿಂತು ನಡೆಸಿದ ನಿವೋಪೋಸ್ಟಾಪ್ ಪ್ರಯೋಗದ ಸುದ್ದಿಯೂ ಬಂತು. ಇದು ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಪೂರ್ತಿ ಹೊಂದುವುದಿಲ್ಲ, ಅದನ್ನು ಮುಚ್ಚಿಡಬಾರದು. ಇಲ್ಲಿ ಆಪರೇಷನ್ ಮೊದಲೇ ಆಗಿತ್ತು. ಮರುಕಳಿಸುವ ಅಪಾಯ ಜಾಸ್ತಿ ಇದ್ದ 680 ರೋಗಿಗಳಿಗೆ ರೇಡಿಯೇಷನ್ ಮತ್ತು ಸಿಸ್ಪ್ಲಾಟಿನ್. ಅರ್ಧ ಜನರಿಗೆ ರೇಡಿಯೇಷನ್‌ಗೆ ಮುಂಚೆ ಒಂದು ಡೋಸ್ ನಿವೊಲುಮಾಬ್, ನಡುವೆ ಮೂರು, ಆಮೇಲೆ ಆರು. ಮೂರು ವರ್ಷಕ್ಕೆ ಕಾಯಿಲೆ ಇಲ್ಲದೆ ಇದ್ದವರು ನೂರಕ್ಕೆ 63, ನಿವೊಲುಮಾಬ್ ಇಲ್ಲದವರಲ್ಲಿ 52.5. ಅಂದರೆ ರೇಡಿಯೇಷನ್ ಜೊತೆಗೆ ಕೊಟ್ಟೂ ಗೆದ್ದರು! ಹಾಗಾದರೆ ‘ಜೊತೆಗೆ ಕೊಟ್ಟರೆ ನಾಟುವುದಿಲ್ಲ’ ಅನ್ನುವ ಸರಳ ಸೂತ್ರ ಸಾಲದು. ನನಗೆ ಅನ್ನಿಸುವುದು ಹೀಗೆ: ಗಡ್ಡೆ ತೆಗೆದ ಮೇಲೆ ಉಳಿದಿರುವುದು ಅಲ್ಲೊಂದು ಇಲ್ಲೊಂದು ಕಣ. ಅಷ್ಟನ್ನು ಮುಗಿಸಲು ಅಳಿದುಳಿದ ಟಿ ಕೋಶಗಳೇ ಸಾಕಾಗಬಹುದು. ದೊಡ್ಡ ಗಡ್ಡೆ ಹಾಗೇ ಇರುವಾಗ ಸಾಕಾಗಲಿಕ್ಕಿಲ್ಲ.

ರೇಡಿಯೇಷನ್ ಕೊಡುವ ರೀತಿಯನ್ನೇ ಬದಲಿಸಿದವರೂ ಇದ್ದಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 21 ರೋಗಿಗಳ ಪುಟ್ಟ ಅಧ್ಯಯನವೊಂದು ನಡೆಯಿತು. ಕತ್ತಿನ ಗ್ರಂಥಿಗಳಿಗೆಲ್ಲ ಕಿರಣ ಹರಡದೆ, ಕಾಣುವ ಗಡ್ಡೆಗೆ ಮಾತ್ರ ಕೆಲವೇ ದಿನ ಜೋರಾದ ಡೋಸ್. ಹೆಚ್ಚಿನವರಿಗೆ ಜೊತೆಗೆ ನಿವೊಲುಮಾಬ್. ಆಮೇಲೆ ಆಪರೇಷನ್. ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೂರರಲ್ಲಿ ಇಬ್ಬರಲ್ಲಿ ಜೀವಂತ ಕ್ಯಾನ್ಸರೇ ಇರಲಿಲ್ಲ. ಹಿಗ್ಗುವ ಮುಂಚೆ ಒಂದು ಮಾತು: ಅವರಲ್ಲಿ ಹೆಚ್ಚಿನವರದು ಎಚ್‌ಪಿವಿ ಕ್ಯಾನ್ಸರ್, ಅದು ಮೊದಲೇ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು. ಗುಟ್ಕಾದಿಂದ ಬಂದ ಕೆನ್ನೆ ಕ್ಯಾನ್ಸರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಈಗ ಮೊದಲು ನೆನಪಿಟ್ಟುಕೊಳ್ಳಿ ಅಂದದ್ದಕ್ಕೆ ಬರುತ್ತೇನೆ. ಸೋತ ದೊಡ್ಡ ಪ್ರಯೋಗಗಳು ಬಹುಪಾಲು ಆಪರೇಷನ್ ಇಲ್ಲದೆ ಕಿರಣವನ್ನೇ ನಂಬಿದವು, ಹೆಚ್ಚಾಗಿ ಗಂಟಲು, ಧ್ವನಿಪೆಟ್ಟಿಗೆ. ಗೆದ್ದ ಎರಡರಲ್ಲೂ ಆಪರೇಷನ್ ಇದೆ, ಅದರಲ್ಲಿ ಬಾಯಿ ಕ್ಯಾನ್ಸರ್ ರೋಗಿಗಳು ಜಾಸ್ತಿ. ನಮ್ಮ ಊರುಗಳ ಕ್ಯಾನ್ಸರ್ ಯಾವುದು? ಬಾಯಿಯದು. ಅದಕ್ಕೆ ಮೊದಲ ಚಿಕಿತ್ಸೆ ಏನು? ಆಪರೇಷನ್. ಹಾಗಾಗಿ ಈ ಸುದ್ದಿ ದೂರದ ದೇಶದ್ದಾದರೂ ನೇರವಾಗಿ ತಟ್ಟುವುದು ನಮ್ಮನ್ನೇ.

ತಟ್ಟುವುದಕ್ಕೆ ಅಡ್ಡ ನಿಂತಿರುವುದು ದುಡ್ಡು. ಪೂರ್ತಿ ಡೋಸಿನ ಹದಿನೇಳು ಡ್ರಿಪ್ ಅಂದರೆ ಜಮೀನು ಮಾರಿದರೂ ಸಾಲದ ಮನೆಗಳಿವೆ. ಈ ಬಗ್ಗೆ ನಮ್ಮ ದೇಶದಲ್ಲೇ ಒಂದು ಮುಖ್ಯ ಕೆಲಸ ಆಗಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು, ಗುಣವಾಗುವ ಹಂತ ದಾಟಿದ ರೋಗಿಗಳಿಗೆ ಅಗ್ಗದ ಮೂರು ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟರು. ಕಂಪನಿ ಹೇಳುವ ಡೋಸ್ ಎರಡು ವಾರಕ್ಕೆ 240. ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ! ಆದರೂ ವರ್ಷದ ನಂತರ ಬದುಕಿದ್ದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. 2023ರಲ್ಲಿ ಇದು ಪ್ರಕಟವಾಯಿತು. ಒಂದು ಎಚ್ಚರ: ಇದರಲ್ಲಿ ರೇಡಿಯೇಷನ್ ಇರಲಿಲ್ಲ, ಗುಣಪಡಿಸುವ ಉದ್ದೇಶದ ಚಿಕಿತ್ಸೆಯೂ ಅಲ್ಲ. ಆಪರೇಷನ್‌ಗೆ ಮುಂಚೆ ಕೊಡುವ ಡೋಸನ್ನು ಇದೇ ಲೆಕ್ಕದಲ್ಲಿ ಇಳಿಸಿಬಿಡಬಹುದು ಎಂದು ಇದರಿಂದ ಹೇಳಲಾಗುವುದಿಲ್ಲ.

ಬ್ರೇಕ್ ತೆಗೆದ ಮೇಲೆ ಟಿ ಕೋಶಗಳು ಕೆಲವೊಮ್ಮೆ ನಮ್ಮದೇ ಅಂಗಗಳ ಮೇಲೆ ಬೀಳುತ್ತವೆ ಅನ್ನುವುದನ್ನೂ ಮರೆಯಬೇಡಿ. ಥೈರಾಯ್ಡ್ ಕೆಡುವುದು ಸಾಮಾನ್ಯ. ಕರುಳು, ಶ್ವಾಸಕೋಶ, ಲಿವರ್ ಊದಿಕೊಳ್ಳುವುದು ಅಪರೂಪ, ಆದರೆ ಅಪಾಯ. ನಿಲ್ಲದ ಭೇದಿ, ಹೊಸದಾಗಿ ಬಂದ ಕೆಮ್ಮು, ಉಸಿರಾಡಲು ಕಷ್ಟ, ಇವನ್ನು ‘ಕರೆಂಟಿನ ಸುಸ್ತು’ ಎಂದು ಮನೆಯಲ್ಲೇ ಕಾಯಬಾರದು. ಡೋಸ್ ಮುಗಿದು ತಿಂಗಳುಗಳಾದ ಮೇಲೂ ಇವು ಬರಬಹುದು. ಬೇಗ ತಿಳಿದರೆ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈಗಷ್ಟೇ ಬಯಾಪ್ಸಿ ರಿಪೋರ್ಟ್ ಬಂದಿದ್ದರೆ, ಇಮ್ಯುನೊಥೆರಪಿಯ ಪ್ರಶ್ನೆಯನ್ನು ಕರೆಂಟ್ ಶುರುವಾದ ಮೇಲೆ ಕೇಳಬೇಡಿ. ಆಪರೇಷನ್ ದಿನ ಗೊತ್ತಾಗುವ ಮುಂಚೆ ಕೇಳಿ. ‘ನಮ್ಮವರಿಗೆ ಆಪರೇಷನ್‌ಗೆ ಮುಂಚೆ ಕೊಡುವಂಥದ್ದು ಅನ್ವಯಿಸುತ್ತದಾ? ಪಿಡಿ-ಎಲ್1 ನೋಡಿಸಬೇಕಾ? ಖರ್ಚು ಎಷ್ಟು, ಯಾವುದಾದರೂ ಪ್ರಯೋಗದಲ್ಲಿ ಸೇರಬಹುದಾ?’ ಅನ್ವಯಿಸುವುದಿಲ್ಲ ಅಂದರೆ ಬೇಜಾರಾಗಬೇಡಿ. ಆಪರೇಷನ್, ಸರಿಯಾದ ಸಮಯಕ್ಕೆ ರೇಡಿಯೇಷನ್, ಒಂದು ದಿನವೂ ತಪ್ಪಿಸದ ಕರೆಂಟು, ಇವು ಇಂದಿಗೂ ಬಹಳ ಜನರನ್ನು ಉಳಿಸುತ್ತಿವೆ. ಇನ್ನು ಮೊದಲು ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಆ ತುಣುಕು ಬೆರಳ ತುದಿಯಷ್ಟು ಮೇಣದ ಬ್ಲಾಕಿನಲ್ಲಿ ಇರುತ್ತದೆ. ದೊಡ್ಡಾಸ್ಪತ್ರೆಗೆ ಹೊರಡುವಾಗ ರಿಪೋರ್ಟ್ ಜೊತೆ ಆ ಬ್ಲಾಕನ್ನೂ ಕೇಳಿ ಇಸಿದುಕೊಳ್ಳಿ. ಪಿಡಿ-ಎಲ್1 ಪರೀಕ್ಷೆ ಅದರಿಂದಲೇ ಆಗಬಹುದು, ಇನ್ನೊಂದು ಸಲ ಬಾಯಿಯಿಂದ ತುಣುಕು ತೆಗೆಸುವ ನೋವೂ ತಪ್ಪಬಹುದು, ದಿನಗಳೂ ಉಳಿಯುತ್ತವೆ.